ಕೊರಡು ಕುಟ್ಟಿದ ಭಾನುವಾರ

ರಕ್ತ ಕಂಡು ಹೆದರುವ ಮನೆಯಲ್ಲಿ ನಾನು ಹುಟ್ಟಿದವಳಲ್ಲ. ಹಲಸೂರು ಮಾರ್ಕೆಟ್ಟಿನಲ್ಲಿ ನಮ್ಮದು ಮಟನ್ ಅಂಗಡಿ. ಅಜ್ಜ ಇಟ್ಟಿದ್ದು, ಅಪ್ಪ ನಡೆಸಿದ್ದು, ಅಪ್ಪ ಹೋದ ಮೇಲೆ ನಾನೂ ನನ್ನ ತಮ್ಮ ಕುಮಾರನೂ ನಡೆಸಿಕೊಂಡು ಬಂದಿದ್ದು. ಊರಿನವರು ಹಲ್ಲುಜ್ಜುವ ಹೊತ್ತಿಗೆ ನಮ್ಮ ಕೈ ಮೊಣಕೈವರೆಗೆ ಕೆಂಪಾಗಿರುತ್ತದೆ. ತೊಳೆದುಕೊಂಡು ಕಾಫಿ ಕುಡಿಯುತ್ತೇವೆ, ಮತ್ತೆ ಮಚ್ಚು ಹಿಡಿಯುತ್ತೇವೆ. ಹೀಗಿರುವವಳಿಗೆ ಒಂದು ದಿನ ಕಕ್ಕಸಿನಲ್ಲಿ ರಕ್ತ ಕಂಡರೆ ಏನನ್ನಿಸಬೇಕು? ಏನೂ ಅನ್ನಿಸಲಿಲ್ಲ. ನೀರು ಹುಯ್ದು ಎದ್ದು ಬಂದೆ. ಬೇರೆ ಹೆಂಗಸಾಗಿದ್ದರೆ ಕಿರುಚಿಕೊಂಡು ಆಸ್ಪತ್ರೆಗೆ ಓಡುತ್ತಿದ್ದಳು. ರಕ್ತವನ್ನೇ ಹೀಗೆ ಅಲಕ್ಷ್ಯ ಮಾಡಲು ನಮ್ಮ ಕಸುಬಿನವರಿಗೆ ಮಾತ್ರ ಸಾಧ್ಯ.

ಅಪ್ಪನಿಗೂ ಹೀಗೇ ಆಗುತ್ತಿತ್ತು. ಮೊದಮೊದಲು 'ಉಷ್ಣ' ಅನ್ನುತ್ತಿದ್ದ, ಚೊಂಬುಗಟ್ಟಲೆ ಮಜ್ಜಿಗೆ ಕುಡಿಯುತ್ತಿದ್ದ. ಆಮೇಲೆ 'ಮೂಲವ್ಯಾಧಿ' ಅಂದರು. ನಲವತ್ತು ದಾಟಿ ಇನ್ನೂ ಮೀಸೆ ನೆರೆಯುವ ಮೊದಲೇ, ಹಗ್ಗದ ಹಾಗೆ ಒಣಗಿ ಸತ್ತ. ಮೂಲವ್ಯಾಧಿಯಿಂದ ಯಾರಾದರೂ ಹೀಗೆ ಸಾಯುತ್ತಾರಾ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ನಾನು ಹಿಡಿದ ದಾರಿಯೂ ಅಪ್ಪನದೇ. ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗಲ್ಲಿ, ಕತ್ತಲೆ ಮೆಟ್ಟಿಲು ಹತ್ತಿದರೆ ಒಂದು ಕೋಣೆ. 'ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ' ಅಂತ ಹಳದಿ ಗಾಜಿನ ಬೋರ್ಡು. ಒಳಗೆ ಕೂತವನು ಡಾಕ್ಟರೋ ಅಲ್ಲವೋ ದೇವರಿಗೇ ಗೊತ್ತು. ಅಪ್ಪನಿಗೆ ಪುಡಿ ಕೊಟ್ಟವನ ಮಗನಂತೆ. ನನ್ನನ್ನು ಮುಟ್ಟಿಯೂ ನೋಡಲಿಲ್ಲ. ಹಸಿರು ಕಾಗದದಲ್ಲಿ ಕಟ್ಟಿದ ಪುಡಿ ಕೊಟ್ಟು, ಮಾಂಸ ಬಿಡಿ ಅಂದ. ಮಟನ್ ಅಂಗಡಿಯವಳಿಗೆ ಮಾಂಸ ಬಿಡು ಅನ್ನೋದಕ್ಕೆ ನಿನಗೆಷ್ಟು ಧೈರ್ಯ ಅಂತ ಬೈದು ಬಂದೆ. ಪುಡಿಯನ್ನು ಮಾತ್ರ ತಪ್ಪದೆ ನುಂಗಿದೆ.

ಆಮೇಲೆ ಹೊಟ್ಟೆ ನನ್ನನ್ನು ಹೊಡೆಯಲು ಶುರು ಮಾಡಿತು. ನೋವು ಅಂತ ಹೇಳುವುದು ಸುಲಭ. ಅದು ನೋವಲ್ಲ, ಒದೆ. ಒಳಗಿನಿಂದ ಯಾರೋ ಬೂಟುಗಾಲಲ್ಲಿ ಒದ್ದ ಹಾಗೆ. ಒಂದು ಬೆಳಿಗ್ಗೆ ತೊಡೆ ಕಡಿಯುತ್ತಿದ್ದವಳು ಮಚ್ಚನ್ನು ಕೈಯಲ್ಲಿ ಹಿಡಿದೇ ಕೊರಡಿನ ಮೇಲೆ ಬಿದ್ದೆ. ಕೊರಡು ಅಂದರೆ ನಾವು ಮಾಂಸ ಕಡಿಯುವ ಹುಣಸೆ ಮರದ ದಪ್ಪ ತುಂಡು. ಮಚ್ಚು ಕಿವಿಯ ಪಕ್ಕದಲ್ಲಿ ಹೋಗಿ ಮರಕ್ಕೆ ನೆಟ್ಟುಕೊಂಡಿತು. ಇನ್ನೊಂದು ಬೆರಳಗಲ ಈಚೆಗೆ ಬಿದ್ದಿದ್ದರೆ ಈ ಕಥೆ ಬರೆಯುವ ತಾಪತ್ರಯವೇ ಇರುತ್ತಿರಲಿಲ್ಲ. ನನ್ನ ಗಂಡ ಸೆಲ್ವ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಮಕ್ಕಳನ್ನು ಇಳಿಸಿ ಬಂದವನು ಅದೇ ವ್ಯಾನಿನಲ್ಲಿ ನನ್ನನ್ನು ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿಸಿದ. ಯಾವುದೋ ಮಗು ಬಿಟ್ಟುಹೋಗಿದ್ದ ನೀರಿನ ಬಾಟಲಿ ದಾರಿಯುದ್ದಕ್ಕೂ ಉರುಳಾಡಿ ನನ್ನ ತಲೆಗೆ ಬಡಿಯುತ್ತಿತ್ತು.

ಕರುಳಿನ ಪರೀಕ್ಷೆ ಮಾಡುವ ವಾರ್ಡಿನ ಹೊರಗೆ ಬೆಂಚಿನ ತುಂಬ ಮುದುಕರು. ನಾನು ನನ್ನ ಸರದಿಗೆ ಎದ್ದು ನಿಂತರೆ ನರ್ಸು ನನ್ನ ಹಿಂದೆ ಮುಂದೆ ನೋಡಿ, "ಪೇಷಂಟ್ ಎಲ್ಲಿದಾರಮ್ಮ? ನಿಮ್ಮತ್ತೆನಾ, ನಿಮ್ಮ ತಾಯಿನಾ?" ಅಂದಳು.

"ನಾನೇ."

"ನೀವಾ? ಎಷ್ಟ್ ವಯಸ್ಸು?"

"ಮೂವತ್ನಾಲ್ಕು. ಯಾಕೆ, ಅರವತ್ತಾದ್ಮೇಲೆ ಬರ್ಲಾ?" ಅಂದೆ. ಅವಳು ನಕ್ಕು ನನ್ನ ಭುಜ ತಟ್ಟಿದಳು. ಆ ದಿನ ನನಗೆ ಸಿಕ್ಕ ಕರುಣೆ ಅಂದರೆ ಅಷ್ಟೇ, ಅದನ್ನು ಇವತ್ತಿಗೂ ಮರೆತಿಲ್ಲ.

ಹಿಂದಿನ ದಿನವೆಲ್ಲ ಉಪ್ಪುಪ್ಪು ಔಷಧಿ ನೀರು ಕುಡಿಸಿ ಕರುಳನ್ನು ತೊಳೆಸಿದ್ದರು. ನಾನು ಹುಟ್ಟಿದಾಗಿನಿಂದ ಕುರಿಯ ಬೋಟಿ ತೊಳೆದವಳು. ಒಳಗೆ ನಳಿಕೆ ಬಿಟ್ಟು ಟಿವಿಯಲ್ಲಿ ತೋರಿಸಿದಾಗ, ಅರೆಮಂಪರಿನಲ್ಲೂ ಅದರ ಗುರುತು ಸಿಕ್ಕಿತು: ಮಡಿಕೆ ಮಡಿಕೆ, ಗುಲಾಬಿ ಬಣ್ಣ. ನಮ್ಮದೂ ಇಷ್ಟೇನಾ ಅಂದುಕೊಂಡೆ. ಅಷ್ಟರಲ್ಲಿ ಒಂದು ತಿರುವಿನಲ್ಲಿ ಅದು ಕಂಡಿತು. ಹರಿದ, ಕರ್ರಗೆ ಕೆಂಪಾದ, ಹೂಕೋಸಿನಂಥ ಗಡ್ಡೆ. ಡಾಕ್ಟರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿಹೋಯಿತು.

ಕ್ಯಾನ್ಸರ್ ಅಂತ ಕಾಗದ ಬಂದ ದಿನ ಸೆಲ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು "ಅಯ್ಯೋ ಮುರುಗಾ, ಮುರುಗಾ" ಅಂತ ಅತ್ತ. ನನಗೆ ಅಳು ಬರಲಿಲ್ಲ, ರೊಚ್ಚು ಬಂತು. "ವ್ಯಾನ್ ತೆಗಿ" ಅಂದೆ. ಸೀದಾ ಶಿವಾಜಿನಗರ. ವ್ಯಾನಿನ ಜಾಕ್ ರಾಡ್ ಕೈಗೆ ತಗೊಂಡೆ. ಆ ಹಳದಿ ಬೋರ್ಡು ಮೊದಲನೇ ಏಟಿಗೇ ಬಿರುಕು ಬಿಟ್ಟಿತು, ಎರಡನೆಯದಕ್ಕೆ ಗಾಜು ಮಳೆಯ ಹಾಗೆ ಸುರಿಯಿತು. 'ಗ್ಯಾರಂಟಿ' ಅನ್ನುವ ಅಕ್ಷರ ಇನ್ನೂ ನೇತಾಡುತ್ತಿತ್ತು, ಅದನ್ನೂ ಬಿಡಲಿಲ್ಲ. ಒಳಗಿದ್ದವನು ಹಿಂಬಾಗಿಲಿನಿಂದ ಓಡಿದ. ನನ್ನ ಹಣೆಗೆ ಗಾಜು ಸಿಡಿದು ರಕ್ತ ಇಳಿಯುತ್ತಿತ್ತು. ಗಲ್ಲಿಯ ಜನ ಸುತ್ತ ನಿಂತು ನೋಡುತ್ತಿದ್ದರು, ಒಬ್ಬನೂ ಹತ್ತಿರ ಬರಲಿಲ್ಲ. ಸಮಾಧಾನ ಆಯಿತಾ ಅಂತ ಕೇಳಿದರೆ, ಹೂಂ, ಆಯಿತು. ಸುಳ್ಳು ಯಾಕೆ ಹೇಳಲಿ?

ಆಪರೇಷನ್ ಬಗ್ಗೆ ನಾನು ಹೇಳಬಲ್ಲದ್ದು ಇಷ್ಟು. ಕಡಿಯುವವಳಾಗಿದ್ದೆ, ಕಡಿಸಿಕೊಂಡವಳಾದೆ. ಎಚ್ಚರವಾದಾಗ ಹೊಕ್ಕುಳ ಪಕ್ಕದಲ್ಲಿ ನನ್ನದೇ ಕರುಳಿನ ತುದಿ ಹೊರಗೆ ಬಂದು ಕೆಂಪಗೆ ಕೂತಿತ್ತು, ಅದಕ್ಕೊಂದು ಪ್ಲಾಸ್ಟಿಕ್ ಚೀಲ. ಕೆಲವು ತಿಂಗಳಾದ ಮೇಲೆ ಮತ್ತೆ ಒಳಗೆ ಸೇರಿಸಿ ಹೊಲೀತೀವಿ ಅಂದರು. ಅಲ್ಲಿಯವರೆಗೆ ನನ್ನ ಹೇಲು ನನ್ನ ಸೊಂಟದಲ್ಲಿ. ಮೊದಲ ಸಲ ಅದು ತುಂಬಿದಾಗ ನಾನು ಗೋಡೆಗೆ ತಲೆ ಚಚ್ಚಿಕೊಂಡೆ. ಸೆಲ್ವ ಅದನ್ನು ಬಿಚ್ಚಿ, ತೊಳೆದು, ಮತ್ತೆ ಅಂಟಿಸಿ, "ಸ್ಕೂಲ್ ವ್ಯಾನಲ್ಲಿ ಎಲ್‌ಕೆಜಿ ಮಕ್ಳು ಮಾಡೋದ್ ನೋಡಿದೀಯಾ? ಇದೇನ್ ಮಹಾ" ಅಂದ. ಆ ಮನುಷ್ಯನನ್ನು ಮದುವೆಯಾಗಬೇಡ ಅಂತ ನಮ್ಮ ಮನೆಯವರು ನನ್ನ ಮೇಲೆ ಕೈ ಮಾಡಿದ್ದರು ಒಂದು ಕಾಲದಲ್ಲಿ.

ಆಮೇಲೆ ಕೀಮೋ. ಕೂದಲು ಪೂರ್ತಿ ಹೋಗಲಿಲ್ಲ, ನನ್ನ ಕೈ ಹೋಯಿತು. ತಣ್ಣಗಿರುವ ಯಾವುದನ್ನು ಮುಟ್ಟಿದರೂ ಕರೆಂಟ್ ಹೊಡೆದ ಹಾಗೆ. ಸ್ಟೀಲ್ ಲೋಟ ಹೊಡೆಯುತ್ತಿತ್ತು, ನಲ್ಲಿ ನೀರು ಹೊಡೆಯುತ್ತಿತ್ತು. ಫ್ರಿಜ್ಜಿನ ಬಾಗಿಲು ತೆರೆದರೆ ಬೆರಳ ತುದಿಗೆ ಸಾವಿರ ಸೂಜಿ. ಫ್ರೀಜರಿನಿಂದ ಮಾಂಸ ತೆಗೆಯುವುದು, ಬೆಳಗಿನ ಚಳಿಯಲ್ಲಿ ಮಚ್ಚಿನ ಕಬ್ಬಿಣ ಹಿಡಿಯುವುದು, ಎಲ್ಲ ಮುಗಿಯಿತು. ಕುಮಾರನೇ ಅಂಗಡಿ ನಡೆಸತೊಡಗಿದ.

ಮನೆಯವರು ಏನೆಂದರು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಮ್ಮ ಸೋಮೇಶ್ವರನಿಗೆ ಹರಕೆ ಹೊತ್ತಳು. ಕುಮಾರ ಬೀದಿಗೆಲ್ಲ 'ಅಕ್ಕಂಗೆ ಗರ್ಭಕೋಶದ ಆಪರೇಷನ್' ಅಂತ ಹೇಳಿಕೊಂಡು ಬಂದ. ಯಾಕೆಂದರೆ ಅವನಿಗೆ ಕೆ.ಆರ್. ಪುರದ ಕಡೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಪಿಜಿ ಕಟ್ಟಡಗಳನ್ನು ಬೆಳೆಸಿರುವ ಜನ. ಮಚ್ಚು ಹಿಡಿಯುವ ಅಳಿಯ ಬೇಡ ಅನ್ನುತ್ತಿದ್ದವರು ಕಷ್ಟಪಟ್ಟು ಒಪ್ಪಿದ್ದರು. "ನಿಶ್ಚಿತಾರ್ಥ ಆಗೋವರ್ಗೂ ಆ ಹೆಸ್ರು ಎತ್ಬೇಡ ಅಕ್ಕ, ಕಾಲಿಗ್ ಬೀಳ್ತೀನಿ" ಅಂದಿದ್ದ. ಅವನ ಮುಖ ನೋಡಿ ನಾನೂ ಬಾಯಿ ಹೊಲಿದುಕೊಂಡಿದ್ದೆ.

ಕೀಮೋ ಹಾಕುವ ಕೋಣೆಯಲ್ಲಿ ಒಂದು ದಿನ ಒಬ್ಬ ಹುಡುಗಿ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು. ಡಾಕ್ಟರ್ ಶೈಲಜಾ ಅಂತ. ಇಷ್ಟು ಚಿಕ್ಕ ವಯಸ್ಸಿನವರಿಗೆ ಕರುಳಿನ ಕ್ಯಾನ್ಸರ್ ಯಾಕೆ ಬರುತ್ತಿದೆ ಅಂತ ಸಂಶೋಧನೆ ಮಾಡುವ ಗುಂಪಿನವಳು.

"ನಿಮ್ ರಿಪೋರ್ಟು, ಸ್ವಲ್ಪ ರಕ್ತ, ಆಪರೇಷನ್ನಲ್ಲಿ ತೆಗೆದ ಗಡ್ಡೆದೊಂದ್ ಚೂರು, ನೀವ್ ಏನ್ ತಿಂತಿದ್ರಿ, ಮನೇಲಿ ಯಾರ್ಯಾರಿಗೆ ಏನಾಗಿತ್ತು, ಇಷ್ಟನ್ನ ನಮ್ಗೆ ಕೊಡ್ತೀರಾ? ಬಲವಂತ ಇಲ್ಲ. ಬೇಡ ಅನ್ಸಿದ್ ದಿನ ನಿಲ್ಲಿಸ್ಬೋದು."

"ನಂಗೇನ್ ಸಿಗತ್ತೆ?"

"ಏನೂ ಸಿಗಲ್ಲ" ಅಂದಳು. "ನಿಮ್ ಟ್ರೀಟ್‌ಮೆಂಟ್ ಇದರಿಂದ ಒಂಚೂರೂ ಬದಲಾಗಲ್ಲ. ಮುಂದೆ ಬರೋರಿಗೆ ಏನಾದ್ರೂ ಆಗ್ಬೋದು. ಆಗುತ್ತೆ ಅಂತಾನೂ ಗ್ಯಾರಂಟಿ ಕೊಡಲ್ಲ."

ಗ್ಯಾರಂಟಿ ಕೊಡಲ್ಲ ಅಂದವರಲ್ಲಿ ಅವಳೇ ಮೊದಲು. ನನಗೆ ಅಲ್ಲೇ ನಂಬಿಕೆ ಬಂತು.

"ನಿಮ್ ಹೆಸ್ರು ಎಲ್ಲೂ ಇರಲ್ಲ. ಬರೀ ನಂಬರ್" ಅಂದಳು.

"ಯಾಕಿರಲ್ಲ? ನಾನೇನ್ ಕಳ್ತನ ಮಾಡಿದೀನಾ? ಹಾಕಿ ಹೆಸ್ರು."

"ಹಾಗೆಲ್ಲ ಹಾಕಕ್ಕಾಗಲ್ಲ ರತ್ನಾ ಅವರೇ" ಅಂತ ಅವಳು ನಗತೊಡಗಿದಳು. ಡ್ರಿಪ್ಪು ಹತ್ತಿಸಿಕೊಂಡಿದ್ದ ಆ ಕಡೆಯ ಮುದುಕನೂ ನಕ್ಕ.

ನಾನು ಯಾಕೆ ಒಪ್ಪಿದೆ ಅಂತ ಹೇಳಬೇಕಾದರೆ ನಮ್ಮ ಮಾರ್ಕೆಟ್ಟಿನ ಒಂದು ಪದ್ಧತಿ ಹೇಳಬೇಕು. ನಮ್ಮ ಸಾಲಿನ ಅಂಗಡಿಯವರೆಲ್ಲ ಸೇರಿ ಸಂತೆಯಿಂದ ಒಂದೇ ಲೋಡು ಕುರಿ ತಂದು ಹಂಚಿಕೊಳ್ಳುತ್ತೇವೆ. ಕೊಯ್ದಾಗ ಯಾರದಾದರೂ ಕುರಿಯ ಕರುಳಲ್ಲೋ ಈಲಿಯಲ್ಲೋ ಗಂಟು ಕಂಡರೆ, ಅವನು ಮಚ್ಚು ತಿರುವಿ ಹಿಡಿದು ಅದರ ಬೆನ್ನಿನಿಂದ ಕೊರಡನ್ನು ಕುಟ್ಟಬೇಕು. ಆ ಕೆಟ್ಟ ಕರುಳನ್ನು ಅಂಗಡಿ ಮುಂದಿನ ಕೊಕ್ಕೆಗೆ ಎಲ್ಲರಿಗೂ ಕಾಣುವ ಹಾಗೆ ನೇತು ಹಾಕಬೇಕು. ಸದ್ದು ಕೇಳಿದ ಕೂಡಲೇ ಅದೇ ಲೋಡಿನವರೆಲ್ಲ ಕೈ ನಿಲ್ಲಿಸಿ ತಮ್ಮ ತಮ್ಮ ಕುರಿ ನೋಡಿಕೊಳ್ಳಬೇಕು. ಗಿರಾಕಿ ಎದುರಿಗೇ ನಿಂತಿರಲಿ, ಹಬ್ಬವೇ ಇರಲಿ. ಕುಟ್ಟಿದವನನ್ನು ಯಾರೂ ಹೀಯಾಳಿಸುವಂತಿಲ್ಲ. ಅಜ್ಜನ ಕಾಲದಲ್ಲಿ ಒಬ್ಬ ಮುಚ್ಚಿಟ್ಟು ಮಾರಿದನಂತೆ. ಅವನ ಹಲ್ಲು ಉದುರುವ ಹಾಗೆ ಹೊಡೆದು, ಅವನ ಕೊರಡನ್ನು ಬೀದಿಗೆ ಎಳೆದು ತಂದು ಸೀಮೆಎಣ್ಣೆ ಸುರಿದು ಸುಟ್ಟರಂತೆ. ಅಪ್ಪ ಇದನ್ನು ನಮಗೆ ರಾಮಾಯಣದ ಹಾಗೆ ಹೇಳುತ್ತಿದ್ದ.

ಶೈಲಜಾ ಕೇಳಿದ್ದೂ ಅದೇ ತಾನೇ? ನಿನ್ನ ಕರುಳನ್ನು ಕೊಕ್ಕೆಗೆ ಹಾಕು, ಉಳಿದವರು ನೋಡಿಕೊಳ್ಳಲಿ. ಸಹಿ ಹಾಕಿದೆ.

ಮನೆಯವರ ವಿಷಯ ಬಂದಾಗ ಅಪ್ಪನದು ಮೂಲವ್ಯಾಧಿ ಅಂದೆ. ಅವಳು ಪೆನ್ನು ಕೆಳಗಿಟ್ಟು ಅಪ್ಪ ಹೇಗೆ ಸತ್ತ ಅಂತ ನಿಧಾನವಾಗಿ ಕೇಳಿದಳು. ಹೇಳುತ್ತಾ ಹೋದ ಹಾಗೆ ನನ್ನ ಮಾತು ನನಗೇ ಕೇಳಿಸಿತು. ನನಗೆ ಆದದ್ದನ್ನೇ ಹೇಳುತ್ತಿದ್ದೆ, ಒಂದಕ್ಷರ ಬಿಡದೆ.

"ಖಚಿತವಾಗಿ ಈಗ ಯಾರೂ ಹೇಳಕ್ಕಾಗಲ್ಲ" ಅಂದಳು. "ಆದ್ರೆ ನಿಮ್ ತಮ್ಮನ್ನ ಬೇಗ ಕರ್ಕೊಂಡ್ ಬನ್ನಿ. ನಿಮ್ಗೆ ಮಾಡಿದ್ ಪರೀಕ್ಷೆ ಅವ್ರಿಗೂ ಆಗ್ಬೇಕು. ಏನಾದ್ರೂ ಸಣ್ಣದಿದ್ರೆ ಅಲ್ಲೇ ತೆಗೀಬೋದು. ನಾನ್ ಅವ್ರಿಗೆ ಫೋನ್ ಮಾಡೋ ಹಾಗಿಲ್ಲ. ನೀವೇ ಹೇಳ್ಬೇಕು."

ಮಧ್ಯಾಹ್ನ ಅಂಗಡಿಯ ಶಟರು ಅರ್ಧ ಇಳಿಸಿ ಕುಮಾರ ಕೊರಡು ಕೆರೆಯುತ್ತಿದ್ದ. ಹೇಳಿದೆ. ಅವನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಪ್ಪಾಯಿತು.

"ಯಾರನ್ ಕೇಳಿ ಅಪ್ಪನ್ ವಿಷ್ಯ ಹೇಳ್ದೆ? ಅಪ್ಪಂದು ಮೂಲವ್ಯಾಧಿ!"

"ಮೂಲವ್ಯಾಧಿ ಅಲ್ಲ ಕಣೋ."

"ಕ್ಯಾನ್ಸರ್ ಮನೆ ಅಂತ ಬರ್ಸ್‌ಬಿಟ್ಟು ಬಂದಿದೀಯ! ನಾಳೆ ಅವ್ರ ಕಿವಿಗೆ ಬಿದ್ರೆ? ನಿನ್ ಜೀವನಂತೂ ಹಾಳಾಯ್ತು, ನಂದೂ ಹಾಳ್ ಮಾಡ್ಬೇಕು ನಿಂಗೆ!"

ನಾನು ಅವನ ಕೆನ್ನೆಗೆ ಬಿಟ್ಟೆ. ಅವನು ನನ್ನ ಹೊಟ್ಟೆಗೆ ಗುದ್ದಿದ.

ಬೇಕೆಂದೇ ಅಲ್ಲಿಗೇ ಗುದ್ದಿದನೋ, ಕೈ ಅಲ್ಲಿಗೆ ಹೋಯಿತೋ, ನನಗಿನ್ನೂ ಗೊತ್ತಿಲ್ಲ. ಚೀಲ ಒಡೆಯಿತು. ಬಿಸಿಬಿಸಿಯಾಗಿ ಸೀರೆ ತುಂಬ ಇಳಿಯಿತು, ನಾತ ಅಂಗಡಿಯನ್ನೆಲ್ಲ ತುಂಬಿತು. ನಾನು ನೆಲದ ಮೇಲೆ ಕೂತೇ ಕೈಗೆ ಸಿಕ್ಕ ತೂಕದ ಕಲ್ಲನ್ನು ಎತ್ತಿ ಬೀಸಿದೆ. ಅದು ಅವನ ಭುಜಕ್ಕೆ ಬಡಿದು ಹಿಂದಿನ ಗಾಜಿನ ಪೆಟ್ಟಿಗೆಯನ್ನು ಪುಡಿ ಮಾಡಿತು. ಅವನು ಭುಜ ಹಿಡಿದುಕೊಂಡು ನನ್ನನ್ನು ನೋಡಿದ, ನನ್ನ ಸೀರೆಯನ್ನು ನೋಡಿದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಓಡಿದ. ಪಕ್ಕದಂಗಡಿಯ ಬಾಬು ಚಾಚಾ ಶಟರಿನ ಕೆಳಗೆ ಬಗ್ಗಿ ಬಂದರು. ನಮ್ಮಪ್ಪನ ಸಮಕಾಲೀನರು, ನಮ್ಮ ಸಾಲಿಗೆ ಹಿರಿಯರು. ಬಿಳಿ ಗಡ್ಡ, ಕೈಯಲ್ಲಿ ನೀರಿನ ಬಕೆಟ್ಟು.

"ರೋ ನಕ್ಕೋ ಬೇಟಿ, ಅಳ್ಬೇಡ" ಅಂದರು. ಏನು, ಯಾಕೆ ಅಂತ ಕೇಳಲಿಲ್ಲ. ನೀರು ಹುಯ್ದು ನೆಲ ತೊಳೆದರು. ನನ್ನ ಕಡೆ ಬೆನ್ನು ಮಾಡಿಯೇ ತೊಳೆದರು.

ಸೆಲ್ವನಿಗೆ ಗೊತ್ತಾದಾಗ, "ಅವ್ನ್ ಒಂದೇ ಒಂದ್ ಕಾಲ್ ಮುರೀತೀನಿ ರತ್ನಾ, ಪರ್ಮಿಷನ್ ಕೊಡು" ಅಂತ ಕುಣಿದಾಡಿದ. ಕೊಡಲಿಲ್ಲ. ಅಮ್ಮ ಬಂದು, "ಇಬ್ರಿಗೂ ನಿಮ್ಮಪ್ಪನ್ ಸಿಟ್ಟು ಬಂದಿದೆ. ಕೋಪದಲ್ಲಿ ಕುಯ್ಕೊಂಡ್ ಮೂಗು ಶಾಂತ ಆದ್ಮೇಲೆ ಬರತ್ತೇನೇ?" ಅಂತ ಅತ್ತಳು. ಮುಗಿಯಿತು, ಹೇಳುವುದು ಹೇಳಿದ್ದೇನೆ, ಇನ್ನು ಅವನ ಹಣೆಬರಹ ಅಂದುಕೊಂಡೆ. ತಮ್ಮನ ಮೇಲೆ ಅಂಥ ದ್ವೇಷ ಹುಟ್ಟಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನ ಕೈ ಉದುರಿ ಹೋಗಲಿ ಅಂತ ಮಲಗಿದಲ್ಲೇ ಶಾಪ ಹಾಕುತ್ತಿದ್ದೆ.

ಒಂದು ಶನಿವಾರ ಅಮ್ಮ ದೇವಸ್ಥಾನದಿಂದ ಪ್ರಸಾದ ತಂದಳು. ಚೀಲದಿಂದ ಪ್ರಸಾದದ ಪೊಟ್ಟಣ ತೆಗೆಯುವಾಗ ಅದರ ಜೊತೆ ಇನ್ನೊಂದು ಪೊಟ್ಟಣ ಚಾಪೆಯ ಮೇಲೆ ಬಿತ್ತು. ಹಸಿರು ಕಾಗದ.

"ಏನಮ್ಮ ಅದು?"

"ಕುಮಾರಂದು. ಶಿವಾಜಿನಗರದಿಂದ ತಂದ್ಕೊಡು ಅಂದ. ಹೊಸ ಬೋರ್ಡ್ ಹಾಕವ್ರೆ ಅಲ್ಲಿ, ಗುರ್ತೇ ಸಿಗ್ಲಿಲ್ಲ ನಂಗೆ" ಅಂದಳು ಅಮ್ಮ. ಅವಳಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ. "ಎರಡ್ ತಿಂಗ್ಳಿಂದ ಉಷ್ಣ ಕಣೇ ಅವ್ನಿಗೆ. ಮಜ್ಜಿಗೆ ಕೊಡ್ತಿದೀನಿ."

ನನ್ನ ದ್ವೇಷವೆಲ್ಲ ಆ ಒಂದು ಮಾತಿಗೆ ಎಲ್ಲಿ ಹೋಯಿತೋ! ಪೊಟ್ಟಣವನ್ನು ಎತ್ತಿಕೊಂಡು ಕಕ್ಕಸಿಗೆ ಸುರಿದೆ. ಅಮ್ಮ "ಅಯ್ಯೋ ಅಯ್ಯೋ" ಅನ್ನುತ್ತಲೇ ಇದ್ದಳು. ಫೋನ್ ಮಾಡಿದೆ, ಕುಮಾರ ಎತ್ತಲಿಲ್ಲ. ಮತ್ತೆ ಮಾಡಿದೆ, ನಂಬರ್ ಬ್ಲಾಕ್ ಮಾಡಿದ್ದ.

ಮಾರನೆಯ ದಿನ ಭಾನುವಾರ. ಭಾನುವಾರ ಬೆಳಿಗ್ಗೆ ನಮ್ಮ ಸಾಲು ಹೇಗಿರುತ್ತದೆ ಅಂದರೆ, ಇಂದಿರಾನಗರ, ಜೀವನ್ ಬಿಮಾ ನಗರದಿಂದೆಲ್ಲ ಜನ ಬಂದು ಕ್ಯೂ ನಿಲ್ಲುತ್ತಾರೆ. ಮಚ್ಚುಗಳ ಸದ್ದು ಬಿಟ್ಟರೆ ಇನ್ನೇನೂ ಕೇಳುವುದಿಲ್ಲ. ಸೀರೆ ಉಟ್ಟು ಹೋದೆ. ಬಿಸಿಲು ಬಿದ್ದಿದ್ದರೂ ಕೈಗೆ ಉಣ್ಣೆಯ ಗ್ಲೌಸು. ಕ್ಯೂ ಸೀಳಿಕೊಂಡು ಒಳಗೆ ನುಗ್ಗಿದೆ. ಕುಮಾರ ತಲೆಯೆತ್ತಿದ. ಕಣ್ಣಿನ ಕೆಳಗೆ ಗುಳಿ ಬಿದ್ದಿತ್ತು, ಅಪ್ಪನ ಕಡೆಯ ವರ್ಷದ ಮುಖವೇ.

"ಯಾಕ್ ಬಂದೆ? ಹೋಗಾಚೆ."

ಗೋಡೆಯಲ್ಲಿದ್ದ ಅಪ್ಪನ ಮಚ್ಚು ತೆಗೆದೆ. ಗ್ಲೌಸಿನ ಒಳಗೂ ಕಬ್ಬಿಣದ ಚಳಿ ಇಳಿದು ಬೆರಳು ಕಿರುಚಿಕೊಂಡವು. ತಿರುವಿ ಹಿಡಿದು ಕೊರಡಿಗೆ ಕುಟ್ಟಿದೆ. ಇನ್ನೊಮ್ಮೆ. ಮತ್ತೊಮ್ಮೆ. ಪಕ್ಕದ ಅಂಗಡಿಯ ಮಚ್ಚು ನಿಂತಿತು, ಆಮೇಲೆ ಅದರ ಪಕ್ಕದ್ದು. ಹೀಗೇ ಸಾಲಿನ ಕೊನೆಯವರೆಗೂ ಸದ್ದಡಗಿತು. ಎಲ್ಲರೂ ಹೊರಗೆ ಬಂದು ನಮ್ಮ ಕೊಕ್ಕೆಯ ಕಡೆ ನೋಡಿದರು. ಕೊಕ್ಕೆ ಖಾಲಿ ಇತ್ತು.

"ಕರುಳೆಲ್ಲಿ ಬೇಟಿ?" ಅಂದರು ಬಾಬು ಚಾಚಾ.

ಸೆರಗು ಸರಿಸಿದೆ. ಚೀಲ ಕಿತ್ತೆ. ಅಷ್ಟು ಜನರ ಎದುರು, ನನ್ನ ಹೊಟ್ಟೆಯ ಮೇಲೆ ಕೆಂಪಗೆ ಕೂತಿದ್ದ ಕರುಳಿನ ತುದಿಯನ್ನು ತೋರಿಸಿದೆ.

"ಇಲ್ಲಿ. ನೇತು ಹಾಕಕ್ಕೆ ನನ್ ಹತ್ರ ಇರೋದು ಇದೇ. ಗರ್ಭಕೋಶ ಅಲ್ಲ, ಏನೂ ಅಲ್ಲ. ಕರುಳಿನ್ ಕ್ಯಾನ್ಸರ್ ನಂಗೆ. ನಮ್ಮಪ್ಪಂಗೂ ಅದೇ ಇತ್ತು ಅನ್ಸತ್ತೆ. ನಾನೂ ಇವ್ನೂ ಒಂದೇ ಲೋಡು. ಇವ್ನು ನೋಡ್ಸ್‌ಕೊಳ್ಳಲ್ಲ ಅಂತಾವ್ನೆ!"

ಅವನಿಗೆ ರಕ್ತ ಬೀಳುತ್ತಿದೆ ಅಂತ ಹೇಳಲಿಲ್ಲ. ಅದು ಅವನ ಕರುಳು, ಕೊಕ್ಕೆಗೆ ಹಾಕಬೇಕಾದವನು ಅವನು.

ಕ್ಯೂನಲ್ಲಿದ್ದ ಒಬ್ಬಾಕೆ ವಾಂತಿ ಮಾಡಿಕೊಂಡಳು. ಕುಮಾರ ಗಂಟಲು ಹರಿಯುವ ಹಾಗೆ ಅರಚಿ, ಕೈಯಲ್ಲಿದ್ದ ಮಚ್ಚನ್ನೆತ್ತಿ ನನ್ನ ಮೇಲೆ ಬಂದ. ನಾನು ಅಲುಗಲಿಲ್ಲ. ಧೈರ್ಯದಿಂದಲ್ಲ, ಕಾಲು ಬರಲಿಲ್ಲ ಅಷ್ಟೇ. ಬಾಬು ಚಾಚಾ ಅವನ ಮಣಿಕಟ್ಟು ಹಿಡಿದರು, ಹಿಂದಿನಿಂದ ಇನ್ನಿಬ್ಬರು ಅಂಗಡಿಯವರು ಅವನನ್ನು ಕೊರಡಿನ ಮೇಲೆ ಅಮುಕಿದರು. ಮಚ್ಚು ನೆಲಕ್ಕೆ ಬಿತ್ತು. ಅವನ ಕೆನ್ನೆ ಮಾಂಸದ ತುಣುಕುಗಳ ಮೇಲೆ ಒತ್ತಿಕೊಂಡಿತ್ತು.

"ಸುನ್ ರೇ" ಅಂದರು ಚಾಚಾ ಅವನ ಕಿವಿಯ ಹತ್ತಿರ ಬಗ್ಗಿ, ಏದುಸಿರು ಬಿಡುತ್ತಾ. "ಕೊರಡು ಕುಟ್ಟಾಯ್ತು. ನಿನ್ನಂಗಡಿ ಬಂದ್. ನೋಡ್ಸ್‌ಕೊಂಡ್ ಬಾ, ಆಮೇಲೆ ಶಟರ್ ಎತ್ತು. ಇಲ್ಲಾಂದ್ರೆ ನಿಮ್ಮಜ್ಜನ್ ಕೊರಡು ಅಂತ ನೋಡಲ್ಲ, ರೋಡಲ್ಲಿಟ್ಟು ನಾನೇ ಬೆಂಕಿ ಹಾಕ್ತೀನಿ. ಕಸಮ್ ಸೇ."

ಕುಮಾರ ಅತ್ತ. ಅಪ್ಪ ಸತ್ತಾಗ ಅತ್ತ ಹಾಗೆ, ಬಾಯಿ ತೆರೆದುಕೊಂಡು. ಅಳುವಿನ ಮಧ್ಯೆ ತನಗೆ ಬರುತ್ತಿದ್ದ ಬೈಗುಳವನ್ನೆಲ್ಲ ನನಗೆ ಬೈದ.

ಕೆ.ಆರ್. ಪುರದ ಸಂಬಂಧ ಮುರಿದು ಬಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರಂತೆ, ಸಂಜೆಯ ಹೊತ್ತಿಗೇ ಅವರಿಗೆ ಮುಟ್ಟಿತ್ತು. 'ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತಿದಳು' ಅಂತ ನಮ್ಮ ನೆಂಟರು ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಉಗುರಲ್ಲಿ ಹೋಗುವ ಹಾಗಿದ್ದರೆ ನಾನೂ ಉಗುರನ್ನೇ ಹಾಕುತ್ತಿದ್ದೆ. ಆ ಹುಡುಗಿಯ ಫೋಟೋವನ್ನು ಕುಮಾರ ಪರ್ಸಿನಲ್ಲಿ ಇಟ್ಟುಕೊಂಡಿದ್ದ ಅಂತ ಅಮ್ಮ ಆಮೇಲೆ ಹೇಳಿದಾಗ ಮಾತ್ರ ನನ್ನ ಕರುಳು ಚುರ್ ಅಂದಿತು.

ಅಂಗಡಿ ತೆರೆಯಲು ಬಿಡುವುದಿಲ್ಲ ಅಂದರಲ್ಲ ಅನ್ನುವ ರೋಷಕ್ಕೇ ಅವನು ಆಸ್ಪತ್ರೆಗೆ ಹೋದ. ಅಮ್ಮನ ಜೊತೆ. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ನನ್ನನ್ನು ನೋಡಿಯೂ ನೋಡದವನ ಹಾಗೆ ಒಳಗೆ ಹೋದ. ಬಾಗಿಲು ಮುಚ್ಚಿದ ಮೇಲೆ ನಾನು ಸೋಮೇಶ್ವರನನ್ನು, ಸೆಲ್ವನ ಮುರುಗನನ್ನು, ಬಾಬು ಚಾಚಾನ ದೇವರನ್ನು ಎಲ್ಲರನ್ನೂ ಕರೆದೆ. ಅವನಿಗೆ ಏನೂ ಇಲ್ಲದೆ ಹೋಗಲಿ, ಊರೆಲ್ಲ ನನ್ನನ್ನು ಹುಚ್ಚಿ ಅನ್ನಲಿ ಅಂತ ಬೇಡಿಕೊಂಡೆ.

ಇತ್ತು. ಕರುಳಿನ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ, ಒಂದು ದೊಡ್ಡದು, ಅದೇ ರಕ್ತ ಸುರಿಸುತ್ತಿತ್ತು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ನಳಿಕೆಯಲ್ಲೇ ಎಲ್ಲವನ್ನೂ ಕತ್ತರಿಸಿ ತೆಗೆದರು. "ಸರಿಯಾದ್ ಟೈಮಿಗೆ ಬಂದ್ರಿ. ಬಿಟ್ಟಿದ್ರೆ ನಿಮ್ಮಕ್ಕನ್ ದಾರೀನೇ" ಅಂದರಂತೆ ಡಾಕ್ಟರು. ಅಮ್ಮ ಓಡಿ ಬಂದು ನನಗೆ ಹೇಳಿ, ನನ್ನ ಕೆನ್ನೆಗೊಂದು ಹೊಡೆದು, ಆಮೇಲೆ ಅದೇ ಕೆನ್ನೆಗೆ ಮುತ್ತು ಕೊಟ್ಟಳು.

ಕುಮಾರ ನನ್ನ ಜೊತೆ ಮಾತು ಬಿಟ್ಟ. ನನ್ನ ಕೀಮೋ ಮುಗಿಯಿತು, ಕರುಳನ್ನು ಒಳಗೆ ಸೇರಿಸಿ ಹೊಲಿದರು, ಚೀಲ ಹೋಯಿತು, ಮತ್ತೆ ಅಂಗಡಿಗೆ ಹೋಗಿ ಗಲ್ಲಾದಲ್ಲಿ ಕೂರತೊಡಗಿದೆ. ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿಕೊಂಡು ಇರುತ್ತಿದ್ದೆವು. ಶೈಲಜಾ ಹತ್ತಿರ ಹೋದಾಗಲೆಲ್ಲ ರಕ್ತ ಕೊಟ್ಟು ಬರುತ್ತಿದ್ದೆ. ಆ ಸಂಶೋಧನೆಯಿಂದ ಏನು ಹೊರಬರುತ್ತೋ ನನಗಿನ್ನೂ ಗೊತ್ತಿಲ್ಲ, ಅವಳೂ ಹೇಳಿಲ್ಲ. ಬೆರಳಿನ ಜೋಮು ಮಾತ್ರ ಹೋಗಲಿಲ್ಲ. ತಣ್ಣಗಿನದು ಮುಟ್ಟಿದರೆ ಈಗಲೂ ಹೊಡೆಯುತ್ತದೆ, ಐಸನ್ನಂತೂ ಕನಸಲ್ಲೂ ಮುಟ್ಟುವುದಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಮನೆಯಲ್ಲಿ ಅನ್ನಕ್ಕೆ ಇಡುತ್ತಿದ್ದೆ. ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ಕುಮಾರ. ತುಟಿ ಸೀಳಿ ಗಲ್ಲದವರೆಗೆ ರಕ್ತ, ಅಂಗಿಯ ಜೇಬು ಹರಿದು ನೇತಾಡುತ್ತಿತ್ತು. ಕೈಯಲ್ಲಿ ಅಪ್ಪನ ಮಚ್ಚು.

"ಏನೋ ಇದು? ಯಾರ್ ಹೊಡೆದ್ರು?"

ಅವನು ನನ್ನನ್ನು ದಾಟಿಕೊಂಡು ಒಳಗೆ ಬಂದು ಮಚ್ಚನ್ನು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂತ.

"ಚಿಕ್ಕಪ್ಪನ್ ಮಕ್ಳು" ಅಂದ.

ಅಪ್ಪನ ತಮ್ಮನ ಮಕ್ಕಳಿಬ್ಬರದೂ ಶಿವಾಜಿನಗರದಲ್ಲಿ ಮಟನ್ ಅಂಗಡಿ. ಆ ಭಾನುವಾರದ ಮೇಲೆ ನಮ್ಮ ಮನೆಯ ಮುಖ ನೋಡುವುದನ್ನೇ ಬಿಟ್ಟಿದ್ದರು.

"ಅವ್ರಂಗಡಿಗ್ ಯಾಕ್ ಹೋಗಿದ್ದೆ?"

"ಕೊರಡು ಕುಟ್ಟಕ್ಕೆ" ಅಂದ. ಹರಿದ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ನಂಗೇನ್ ಬಂದಿತ್ತು, ಏನ್ ತೆಗೆದ್ರು, ಎಲ್ಲ ಹೇಳ್ದೆ. ಗಿರಾಕಿಗಳ್ ಮುಂದೇನೇ. ಅವ್ರೂ ಅದೇ ಲೋಡ್ ತಾನೆ."

ಅವನು ನೆಲ ನೋಡುತ್ತಾ ಕೂತಿದ್ದ. ರಕ್ತ ತೊಟ್ಟು ತೊಟ್ಟಾಗಿ ಅವ‌ನ ಮಂಡಿಯ ಮೇಲೆ ಬೀಳುತ್ತಿತ್ತು.

"ಐಸ್ ಐತಾ?" ಅಂದ.

ಫ್ರೀಜರ್ ತೆರೆದೆ. ತಟ್ಟೆಯಿಂದ ಐಸ್ ಬಿಡಿಸಿ ಬರಿಗೈಯಲ್ಲಿ ಹಿಡಿದೆ. ಕೈ ಮೊಣಕೈವರೆಗೆ ಬೆಂಕಿ ಹತ್ತಿತು, ಕಣ್ಣಲ್ಲಿ ನೀರು ಬಂತು. ಅವನು ತಲೆಯೆತ್ತಿ ನೋಡಿದ.

"ಏಯ್, ನೀನ್ ಮುಟ್ಬಾರ್ದಲ್ವಾ? ಕೊಡಿಲ್ಲಿ ಅಕ್ಕ."

ಕೊಡಲಿಲ್ಲ. ಅವನ ತಲೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಐಸನ್ನು ಅವನ ತುಟಿಗೆ ಒತ್ತಿದೆ. ಜೋರಾಗಿಯೇ ಒತ್ತಿದೆ. ಅವನು "ಸ್‌ಸ್" ಅಂತ ಉಸಿರೆಳೆದ, ಆದರೆ ಮುಖ ತಿರುಗಿಸಲಿಲ್ಲ. ನನ್ನ ಬೆರಳು ಒಂದೊಂದಾಗಿ ಕಿರುಚಿ, ಆಮೇಲೆ ಸುಮ್ಮನಾದವು.

"ಚಿಕ್ಕೋನು ಹೊಡ್ದ" ಅಂದ ಐಸಿನ ಅಡಿಯಿಂದ. "ದೊಡ್ಡೋನು ಮಾತ್ರ ಸೋಮ್ವಾರ ಬರ್ತೀನಿ ಅಂದವ್ನೆ. ಅವ್ನಿಗೂ ಉಷ್ಣ ಅಂತೆ."